ಬಲಗಡೆ ಗೋಡೆಯ ಸಂಬಂಧಗಳು

ಕೊಡಿಗೇಹಳ್ಳಿಯ ಬ್ಯಾಟರಾಯಪ್ಪ ಐವತ್ತು ತುಂಬುವಷ್ಟರಲ್ಲಿ ನೂರಾ ಹದಿನೇಳು ಮದುವೆ ಕುದುರಿಸಿದ್ದ. ಅವುಗಳಲ್ಲಿ ನೂರಾ ಹದಿನಾಲ್ಕು ನಿಂತಿದ್ದವು. ಉಳಿದ ಮೂರರ ಮಾತೆತ್ತಿದರೆ, ಹೆಣ್ಣಿನ ತಾಯಂದಿರು ಬಾಯಿ ಹಾಕಿ ಕೆಡಿಸಿದರು ಎಂದು ಹೇಳಿ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಳ್ಳುತ್ತಿದ್ದ. ಜಕ್ಕೂರಿನಿಂದ ಸಿಂಗಾಪುರ ಹಳ್ಳಿಯವರೆಗೆ ಯಾವ ಮನೆಯ ಹೆಣ್ಣು ಯಾವ ಮನೆಗೆ ಹೋಗಿದೆ, ಅವಳ ಅಜ್ಜಿ ಎಲ್ಲಿಂದ ಬಂದವಳು, ಆ ಮನೆಯ ಬೆಡಗು ಯಾವುದು, ಎಲ್ಲವೂ ಅವನಿಗೆ ಬಾಯಿಪಾಠ. ಒಂದೇ ಬೆಡಗಿನವರು ಎಷ್ಟೇ ದೂರದವರಾದರೂ ಅಣ್ಣತಂಗಿಯರೇ, ಅವರೊಳಗೆ ಸಂಬಂಧ ಕೂಡದು. ಇದು ಅವನ ಕಸುಬಿನ ಮೊದಲನೆಯ ಪಾಠ. ಉಳಿದದ್ದಕ್ಕೆಲ್ಲ ಹಿರಿಯರು ಒಂದು ದಾರಿ ಬಿಟ್ಟುಹೋಗಿದ್ದರು: ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು. ಈ ಮಾತನ್ನು ಅವನು ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದ. ಮೆಳ್ಳಗಣ್ಣಿನ ಗಂಡನ್ನು ನಾಚಿಕೆ ಸ್ವಭಾವದವನೆಂದೂ, ಕಿವುಡು ಹೆಣ್ಣನ್ನು ಎದುರು ಮಾತಾಡದವಳೆಂದೂ ಹೇಳಿ ದಡ ಮುಟ್ಟಿಸಿದ್ದ.

ಇಂಥವನಿಗೆ ೧೯೬೨ರಲ್ಲಿ ಇಲಿ ಸಾಕುವ ಕೆಲಸ ಸಿಕ್ಕಿದ್ದು ಅವನ ಹಣೆಬರಹವೋ ಇಲಿಗಳ ಹಣೆಬರಹವೋ ಹೇಳುವುದು ಕಷ್ಟ. ಹೆಬ್ಬಾಳದ ಕೆರೆಯ ಹತ್ತಿರ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು ಡಾಕ್ಟರ್ ಚನ್ನಕೇಶವ ಎನ್ನುವವರು ಒಂದು ಪ್ರಯೋಗಶಾಲೆ ತೆರೆದಿದ್ದರು. ಅವರು ಜ್ವರ ನೋಡುವ ಡಾಕ್ಟರಲ್ಲ. ಲಂಡನ್ನಿನಲ್ಲಿ ಐದು ವರ್ಷ ಕೂತು, ಕ್ಯಾನ್ಸರ್ ಗಡ್ಡೆಯನ್ನು ಮೈ ತಾನಾಗಿಯೇ ಯಾಕೆ ಎದುರಿಸಿ ನಿಲ್ಲುವುದಿಲ್ಲ ಎಂಬುದನ್ನು ಓದಿ ಬಂದವರು. ಅಲ್ಲಿನ ಒಂದು ದತ್ತಿ ಸಂಸ್ಥೆ ಅವರಿಗೆ ಮೂರು ವರ್ಷದ ಹಣ ಕೊಟ್ಟಿತ್ತು. ಮೂರನೆಯ ವರ್ಷದ ಕೊನೆಗೆ ಅಲ್ಲಿಂದ ಒಬ್ಬರು ಬಂದು ನೋಡುತ್ತಾರೆ. ಕೆಲಸ ಮೆಚ್ಚಿಗೆಯಾದರೆ ಇನ್ನೈದು ವರ್ಷಕ್ಕೆ ಹಣ, ಇಲ್ಲವಾದರೆ ಇಲ್ಲ.

ಡಾಕ್ಟರು ಹಡಗಿನಲ್ಲಿ ಎರಡು ಪೆಟ್ಟಿಗೆ ಇಲಿ ತಂದಿದ್ದರು. ಎರಡರಲ್ಲಿದ್ದವೂ ಬೆಳ್ಳಗೆ, ಕೆಂಪು ಕಣ್ಣು, ನೋಡಿದರೆ ಒಂದಕ್ಕೊಂದು ಏನೂ ವ್ಯತ್ಯಾಸವಿಲ್ಲ. ಆದರೆ ಒಂದು ಪೆಟ್ಟಿಗೆಯದು ಒಂದು ತಳಿ, ಇನ್ನೊಂದರದು ಇನ್ನೊಂದು. ಕುರಿ ಸಾಕಿ ಅಭ್ಯಾಸವಿದ್ದ ಬ್ಯಾಟರಾಯಪ್ಪನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನ ಡಾಕ್ಟರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ವಿವರಿಸಿದರು.

"ನೋಡಪ್ಪ, ಎರಡು ಪೆಟ್ಟಿಗೇನೂ ಬೆರೆಸಕೂಡದು. ಒಂದೇ ಹೊಟ್ಟೇಲಿ ಹುಟ್ಟಿದ ಗಂಡಿಗೆ ಅದೇ ಹೊಟ್ಟೆಯ ಹೆಣ್ಣು. ಅವುಗಳ ಮರಿಗಳಿಗೂ ಹಾಗೇ. ಇಪ್ಪತ್ತು ತಲೆಮಾರು ಹೀಗೆ ಮಾಡಿರೋದ್ರಿಂದ ಒಂದು ತಳಿಯ ಇಲಿಗಳೆಲ್ಲ ಒಂದೇ ಮೈ ಇದ್ದ ಹಾಗೆ. ಒಂದರ ಗಡ್ಡೆ ತೆಗೆದು ಇನ್ನೊಂದಕ್ಕೆ ಕಸಿ ಮಾಡಿದ್ರೆ..."

ಬ್ಯಾಟರಾಯಪ್ಪ ಅಲ್ಲಿಂದ ಮುಂದಕ್ಕೆ ಏನನ್ನೂ ಕೇಳಿಸಿಕೊಳ್ಳಲಿಲ್ಲ.

"ಸ್ವಾಮಿ, ಅಣ್ಣಂಗೆ ತಂಗೀನಾ?"

"ಹ್ಞೂ ಕಣಯ್ಯ. ಇಲಿಗೇನು ಗೊತ್ತಾಗುತ್ತೆ?"

"ಇಲಿಗೆ ಗೊತ್ತಾಗಾಕಿಲ್ಲ ಸ್ವಾಮಿ. ಜೋಡಿ ಮಾಡೋನಿಗೆ ಗೊತ್ತಾಯ್ತದಲ್ಲ."

ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯ, ಹಟ ಮಾಡಲಿಲ್ಲ. ಹಾಗಾದರೆ ಆ ಕೆಲಸ ನಾನೇ ಮಾಡುತ್ತೇನೆ ಎಂದು ಪ್ರತಿ ಸೋಮವಾರ ಬೆಳಿಗ್ಗೆ ಇಲಿಮನೆಗೆ ಬಂದು ಎಡಗಡೆ ಗೋಡೆಯ ಗೂಡುಗಳಲ್ಲಿ ಅಣ್ಣತಂಗಿಯರನ್ನು ಕೈಯಾರೆ ಸೇರಿಸುತ್ತಿದ್ದರು. ಬ್ಯಾಟರಾಯಪ್ಪ ಆಗ ಹೊರಗೆ ನಿಂತು ಯಶವಂತಪುರದ ಸಾಮಿಲ್ಲಿನಿಂದ ತಂದ ಮರದಪುಡಿಯನ್ನು ಜರಡಿ ಹಿಡಿಯುತ್ತಿದ್ದ. ಪಾಪ ಮಾಡುವವರು ಓದಿದವರು, ತೀರಿಸಿಕೊಳ್ಳುವ ದಾರಿಯೂ ಅವರಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದ.

ಇಲಿಯ ಸಂಸಾರ ಎಂದರೆ ಕೇಳಬೇಕೆ? ಆರು ತಿಂಗಳಲ್ಲಿ ಎಡಗಡೆ ಗೋಡೆ ತುಂಬಿ ಬಲಗಡೆ ಗೋಡೆಗೂ ಹಲಗೆ ಹೊಡೆಯಬೇಕಾಯಿತು. ಡಾಕ್ಟರಿಗೆ ಎರಡು ಗೋಡೆ ನೋಡಿಕೊಳ್ಳಲು ಪುರಸೊತ್ತಿಲ್ಲ. ಬಲಗಡೆಯದನ್ನು ನೀನೇ ನೋಡಿಕೋ, ನಾನು ಹೇಳಿದ ಹಾಗೇ ಮಾಡು ಎಂದು ಬಿಟ್ಟುಕೊಟ್ಟರು. ಬ್ಯಾಟರಾಯಪ್ಪ ಎರಡು ದಿನ ಊಟ ಸೇರದೆ ಒದ್ದಾಡಿದ. ಉಪ್ಪು ತಿಂದ ಮನೆಯ ಮಾತು ಒಂದು ಕಡೆ, ಹುಟ್ಟಿದ ಕುಲದ ಮಾತು ಇನ್ನೊಂದು ಕಡೆ. ಕೊನೆಗೆ ಪಂಚಾಯ್ತಿಯವರು ಮಾಡುವುದನ್ನೇ ಅವನೂ ಮಾಡಿದ. ಎಡಗಡೆ ಗೋಡೆಯಲ್ಲಿ ಡಾಕ್ಟರ ಮಾತು ನಡೆಯಲಿ, ಬಲಗಡೆ ಗೋಡೆಯಲ್ಲಿ ಹಿರಿಯರ ಮಾತು ನಡೆಯಲಿ.

ಬಲಗಡೆ ಗೋಡೆಯಲ್ಲಿ ಅವನು ಮೊದಲನೆಯ ಪೆಟ್ಟಿಗೆಯ ಹೆಣ್ಣಿಗೆ ಎರಡನೆಯ ಪೆಟ್ಟಿಗೆಯ ಗಂಡು ನೋಡಿದ. ಬೇರೆ ಬೆಡಗು, ಬೇರೆ ಊರು, ಯೋಗ್ಯ ಸಂಬಂಧ. ಅವುಗಳ ಮಕ್ಕಳಿಗೆ ಸೋದರತ್ತೆಯ ಮಕ್ಕಳನ್ನೂ ಸೋದರಮಾವನ ಮಕ್ಕಳನ್ನೂ ತಂದ. ಒಂದೆರಡು ಹೆಣ್ಣುಗಳನ್ನು ಸೋದರಮಾವನಿಗೇ ಕೊಟ್ಟ. ಅಪ್ಪಿತಪ್ಪಿಯೂ ಚಿಕ್ಕಪ್ಪನ ಮಗಳನ್ನು ದೊಡ್ಡಪ್ಪನ ಮಗನಿಗೆ ಕೊಡಲಿಲ್ಲ. ಗೂಡಿನ ಚೀಟಿಗಳಲ್ಲಿ ಮಾತ್ರ ಡಾಕ್ಟರು ಹೇಳಿಕೊಟ್ಟಂತೆ ಅಣ್ಣ ಇಂಥದ್ದು, ತಂಗಿ ಇಂಥದ್ದು ಎಂದೇ ಬರೆದ. ಅಷ್ಟು ಸುಳ್ಳು ಅವನಿಗೆ ಸುಳ್ಳೆನಿಸಲಿಲ್ಲ, ಮದುವೆ ಖರ್ಚಿನಲ್ಲಿ ಸೇರಿದ್ದು ಎಂದುಕೊಂಡ. ನಿಜವಾದ ಸಂಬಂಧಗಳೆಲ್ಲ ಅವನ ತಲೆಯಲ್ಲಿದ್ದವು.

ಡಾಕ್ಟರ ಪ್ರಯೋಗ ಹೀಗಿತ್ತು. ಎಡಗಡೆ ಗೋಡೆಯ ಒಂದು ಇಲಿಗೆ ಬಂದ ಗಡ್ಡೆಯನ್ನು ಚೂರು ಚೂರು ಮಾಡಿ ಅದೇ ತಳಿಯ ಬೇರೆ ಇಲಿಗಳ ಚರ್ಮದಡಿ ಕಸಿ ಮಾಡುತ್ತಿದ್ದರು. ಅದೇ ಗಡ್ಡೆಯನ್ನು ಅರೆದು, ಕಾಯಿಸಿ, ಸೋಸಿ ತೆಗೆದ ತಿಳಿನೀರೇ ಮದ್ದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ಎಂದು ಬ್ಯಾಟರಾಯಪ್ಪ ಅರ್ಥ ಮಾಡಿಕೊಂಡಿದ್ದ, ಅದು ತಪ್ಪೇನೂ ಅಲ್ಲ. ಮದ್ದು ಚುಚ್ಚಿದವು, ಚುಚ್ಚದವು ಒಂದರಲ್ಲೊಂದು ಬೆರೆತುಹೋಗಬಾರದೆಂದು ಡಾಕ್ಟರೇ ಒಂದು ಏರ್ಪಾಡು ಮಾಡಿದ್ದರು. ಚುಚ್ಚದವೆಲ್ಲ ಎಡಗಡೆ ಗೋಡೆಯವು, ಚುಚ್ಚಿದವೆಲ್ಲ ಬಲಗಡೆ ಗೋಡೆಯವು.

ಮೊದಲ ವರ್ಷ ಗಡ್ಡೆಗಳು ಎರಡೂ ಗೋಡೆಗಳಲ್ಲಿ ಬೆಳೆದವು, ಇಲಿಗಳು ಸತ್ತವು. ಬಲಗಡೆ ಗೋಡೆಯಲ್ಲಿ ಮೊಮ್ಮಕ್ಕಳ, ಮರಿಮಕ್ಕಳ ಕಾಲ ಬಂದಾಗ ಅಲ್ಲಿ ಗಡ್ಡೆಗಳು ಕರಗತೊಡಗಿದವು. ಹತ್ತರಲ್ಲಿ ಎಂಟು ಇಲಿ ಬದುಕಿದವು. ಎಡಗಡೆಯಲ್ಲಿ ಹತ್ತಕ್ಕೆ ಹತ್ತೂ ಸತ್ತವು. ಡಾಕ್ಟರು ಆ ದಿನ ಇಲಿಮನೆಯ ಬಾಗಿಲಲ್ಲಿ ಕೂತು ಅತ್ತುಬಿಟ್ಟರು. ಅವರ ತಾಯಿ ಇದೇ ಕಾಯಿಲೆಯಲ್ಲಿ ಹೋಗಿದ್ದರೆಂದು ಬ್ಯಾಟರಾಯಪ್ಪನಿಗೆ ಆಗಲೇ ಗೊತ್ತಾದದ್ದು. ಅವನಿಗೂ ಕಣ್ಣಲ್ಲಿ ನೀರು ಬಂತು.

೧೯೬೪ರ ಕಾರ್ತಿಕದಲ್ಲಿ ಯಾರೋ ಪತ್ರಿಕೆಯವರಿಗೆ ಸುಳಿವು ಸಿಕ್ಕಿ, 'ಹೆಬ್ಬಾಳದಲ್ಲಿ ಕ್ಯಾನ್ಸರಿಗೆ ಸೂಜಿಮದ್ದು' ಎಂದು ಎರಡು ಬೆರಳಗಲ ಸುದ್ದಿ ಹಾಕಿದರು. ಇದು ಇನ್ನೂ ಇಲಿಗಳಲ್ಲಿ ಮಾತ್ರ ಎಂದು ಡಾಕ್ಟರು ಕಾಗದ ಬರೆದು ತಿಳಿಸಿದರು. ಅದನ್ನು ಯಾರೂ ಹಾಕಲಿಲ್ಲ. ಊರಲ್ಲಿ ಬ್ಯಾಟರಾಯಪ್ಪನಿಗೆ ಹಿಂದೆಂದೂ ಇಲ್ಲದ ಮರ್ಯಾದೆ ಬಂತು. ಅರಳಿಕಟ್ಟೆಯಲ್ಲಿ ಜಾಗ ಬಿಡುತ್ತಿದ್ದರು. ಚಿಕ್ಕಜಾಲಕ್ಕೆ ಕೊಟ್ಟಿದ್ದ ಅವನ ತಂಗಿ ಮುನಿಕೆಂಪಮ್ಮನಂತೂ, ಮದ್ದನ್ನು ಕಂಡುಹಿಡಿದವನು ನಮ್ಮಣ್ಣನೇ, ಡಾಕ್ಟರು ಪಕ್ಕದಲ್ಲಿ ನಿಂತಿದ್ದರಂತೆ ಎನ್ನುವ ಮಟ್ಟಕ್ಕೆ ಸುದ್ದಿಯನ್ನು ಮುಟ್ಟಿಸಿದ್ದಳು. ಅವನು ಅಲ್ಲವೆನ್ನಲಿಲ್ಲ.

ಮುನಿಕೆಂಪಮ್ಮ ಗಂಡ ಸತ್ತ ಮೇಲೆ ಎರಡು ಹಸು ಕಟ್ಟಿಕೊಂಡು ಬದುಕುತ್ತಿದ್ದ ಗಟ್ಟಿಗಿತ್ತಿ. ಹೊಗೆಸೊಪ್ಪು ಒಂದು ಗಳಿಗೆಯೂ ಬಾಯಿಂದ ಇಳಿಯುತ್ತಿರಲಿಲ್ಲ. ಸಂಕ್ರಾಂತಿಗೆ ಹದಿನೈದು ದಿನ ಮುಂಚೆ ಅವಳ ಕೆನ್ನೆಯ ಒಳಗಿನ ಹುಣ್ಣು ಮಾಯದಿರುವುದನ್ನು ಕಂಡು ಬ್ಯಾಟರಾಯಪ್ಪನೇ ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಕ್ಯಾನ್ಸರ್ ಎಂದರು. ಇನ್ನೂ ಸಣ್ಣದು, ರೇಡಿಯಂ ಇಟ್ಟು ಸುಡುತ್ತೇವೆ, ಬೇಕಾದರೆ ಕೊಯ್ಯುತ್ತೇವೆ, ಬೇಗ ಬಂದು ಸೇರಿ ಎಂದರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ ಅವಳು ತೀರ್ಮಾನ ಮಾಡಿಬಿಟ್ಟಳು.

"ಸುಡೋದೂ ಬ್ಯಾಡ, ಕುಯ್ಯೋದೂ ಬ್ಯಾಡ. ನಿನ್ನ ಆಪೀಸ್ನಾಗೆ ಸೂಜಿ ಐತಲ್ಲ ಅಣ್ಣಯ್ಯ, ಅದನ್ನೇ ಆಕ್ಸು."

ಅವನಿಗೂ ಅದೇ ಸರಿಯೆನಿಸಿತು. ಮನುಷ್ಯರಿಗೆ ಕೊಡಲು ಲಂಡನ್ನಿನವರು ಒಪ್ಪಬೇಕು, ಶಿವರಾತ್ರಿಯ ಹೊತ್ತಿಗೆ ಅವರು ಬರುತ್ತಾರೆ, ಅಲ್ಲಿಯವರೆಗೆ ಕಾದಿರು ಎಂದ.

ಆ ಧನುರ್ಮಾಸದಲ್ಲೇ ಡಾಕ್ಟರಿಗೆ ವಿಷಮಶೀತ ಜ್ವರ ಬಂದು ಒಂದು ತಿಂಗಳು ಮಲಗಿದರು. ಮಲಗುವ ಹಿಂದಿನ ದಿನ ಬಲಗಡೆ ಗೋಡೆಯ ಹದಿನೈದು ಇಲಿಗಳಿಗೆ ಗಡ್ಡೆ ಕಸಿ ಮಾಡಿದ್ದರು, ಮದ್ದು ಚುಚ್ಚುವುದು ಬಾಕಿಯಿತ್ತು. ಚುಚ್ಚುವವರು ಯಾರೂ ಇರಲಿಲ್ಲ. ಬ್ಯಾಟರಾಯಪ್ಪ ದಿನವೂ ಅವುಗಳಿಗೆ ನೆನೆಸಿದ ಕಡಲೆ ಹಾಕುತ್ತ ನೋಡಿದ. ಗಡ್ಡೆಗಳು ಅವರೆಕಾಳಿನಷ್ಟಾದವು. ಆಮೇಲೆ ಸಣ್ಣಗಾದವು. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ತಿಂದು ಇಲಿಮನೆಗೆ ಬಂದು ಒಂದೊಂದನ್ನೇ ಬೆರಳಿನಿಂದ ತಡವಿ ನೋಡಿದಾಗ ಹನ್ನೆರಡರಲ್ಲಿ ಗಡ್ಡೆಯೇ ಇರಲಿಲ್ಲ. ಒಂದು ಹನಿ ಮದ್ದೂ ಅವುಗಳ ಮೈ ಸೇರಿರಲಿಲ್ಲ.

ಅವನು ಮರದಪುಡಿಯ ಮೂಟೆಯ ಮೇಲೆ ಕೂತ. ಡಾಕ್ಟರು ಮೂರು ವರ್ಷದಿಂದ ಹೇಳಿದರೂ ಕಿವಿಗೆ ಬೀಳದ ಪಾಠ ಆ ಹೊತ್ತಿನಲ್ಲಿ ತಾನಾಗಿ ತಿಳಿಯಿತು. ಗಡ್ಡೆ ಎಡಗಡೆ ಗೋಡೆಯದು. ಅಲ್ಲಿ ಆ ತಳಿಯವೆಲ್ಲ ಒಂದೇ ರಕ್ತ, ಗಡ್ಡೆ ಒಳಹೊಕ್ಕರೆ ಮನೆಮಗ ಬಂದ ಎಂದು ಮೈ ಸುಮ್ಮನಿರುತ್ತದೆ. ಬಲಗಡೆಯವು ತಲೆಮಾರಿನಿಂದ ತಲೆಮಾರಿಗೆ ಎರಡು ಕುಲ ಬೆರೆತು ಬೇರೆಯೇ ಆದವು, ಪರರ ಮನೆಯ ಗಡ್ಡೆಯನ್ನು ಹೊಸಲು ದಾಟಲು ಬಿಡಲಿಲ್ಲ. ವಾಸಿಮಾಡಿದ್ದು ಮದ್ದಲ್ಲ. ತಾನು ಮಾಡಿದ ಮದುವೆಗಳು.

ಚೇತರಿಸಿಕೊಂಡು ಬಂದ ಡಾಕ್ಟರು ಆ ಹದಿನೈದನ್ನು ನೋಡಿ, "ಕಸಿ ಸರಿಯಾಗಿ ನಾಟಿಲ್ಲ ಕಣಯ್ಯ, ಜ್ವರದ ಕೈ, ನನ್ನದೇ ತಪ್ಪು" ಎಂದು ಲೆಕ್ಕದಿಂದ ತೆಗೆದುಹಾಕಿದರು. ಬ್ಯಾಟರಾಯಪ್ಪ ಬಾಯಿ ತೆರೆದ. ಡಾಕ್ಟರ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಮೇಜಿನ ಮೇಲೆ ಲಂಡನ್ನಿಗೆ ಬರೆದ ವರದಿ ಇತ್ತು, ಹೊಸ ಕಟ್ಟಡದ ನಕ್ಷೆ ಇತ್ತು. ಅವನು ಬಾಯಿ ಮುಚ್ಚಿದ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಗಳು ಆರು ವಾರ ನಡೆದವು. ಈ ಆರು ವಾರದಲ್ಲಿ ಅವನು ಎರಡು ಸಲ ಚಿಕ್ಕಜಾಲಕ್ಕೆ ಹೋಗಿ ತಂಗಿಗೆ ಆಸ್ಪತ್ರೆಗೆ ಸೇರು ಎಂದು ಗದರಿದ. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಕಾರಣ ಹೇಳದೆ ಗದರಿದರೆ ಮುನಿಕೆಂಪಮ್ಮ ಮಾತು ಕೇಳಿದ್ದು ಚರಿತ್ರೆಯಲ್ಲೇ ಇಲ್ಲ.

ಶಿವರಾತ್ರಿ ಕಳೆದ ಮೇಲೆ ಲಂಡನ್ನಿನವರು ಬಂದರು. ಎತ್ತರದ ಮನುಷ್ಯ, ಬಿಸಿಲಿಗೆ ಹಣೆ ಸುಲಿದಿತ್ತು. ಡಾಕ್ಟರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಅವರನ್ನು ಇಲಿಮನೆಗೆ ಕರೆತಂದರು. ಅದೇ ಹೊತ್ತಿಗೆ ಬಳ್ಳಾರಿ ರಸ್ತೆಯಲ್ಲಿ ಬಸ್ಸಿಳಿದು, ಕಂಕುಳಲ್ಲಿ ಬಟ್ಟೆಗಂಟು ಇಟ್ಟುಕೊಂಡು ಮುನಿಕೆಂಪಮ್ಮ ಬಂದು ಜಗುಲಿಯ ಬೆಂಚಿನ ಮೇಲೆ ಕೂತಳು. ದೊರೆ ಬಂದಿರುವ ಸುದ್ದಿ ಚಿಕ್ಕಜಾಲಕ್ಕೆ ಅವರಿಗಿಂತ ಮುಂಚೆ ಹೋಗಿತ್ತು. ಅವಳ ಕೆನ್ನೆ ಹೊರಗಿನಿಂದಲೂ ಉಬ್ಬಿ ಕಾಣುತ್ತಿತ್ತು.

"ದೊರೆ ಒಪ್ಕಂಡ್ನಾ ಅಣ್ಣಯ್ಯ? ಅಸ ಕರಿಯೋಕೆ ಯಾರೂ ಇಲ್ಲ, ಸೂಜಿ ಆಕ್ಸ್ಕಂಡು ಸಂಜೆ ಬಸ್ಗೆ ಓಗ್ಬೇಕು."

ಬ್ಯಾಟರಾಯಪ್ಪ ಅವಳ ಕೆನ್ನೆಯನ್ನೇ ನೋಡಿದ. ಅವಳನ್ನು ಎತ್ತಿ ಆಡಿಸಿದವನು ಅವನು, ಚಿಕ್ಕಜಾಲದ ಸಂಬಂಧ ತಂದವನೂ ಅವನೇ. ಅವಳು ಸತ್ತರೆ ನಾನೇ ಕೊಂದಂತೆ ಎನಿಸಿತು. ನೆಟ್ಟಗೆ ಇಲಿಮನೆಗೆ ಹೋದ.

"ಸ್ವಾಮಿ, ಒಂದ್ ಮಾತು."

"ಆಮೇಲೆ ಬ್ಯಾಟರಾಯಪ್ಪ."

"ಆಮೇಲೆ ಆಗಾಕಿಲ್ಲ ಸ್ವಾಮಿ. ಬಲಗಡೆ ಗ್ವಾಡೇವು ಅಣ್ಣತಂಗೇರ ಮಕ್ಕಳಲ್ಲ. ಚೀಟಿನಾಗೆ ನಾನು ಬರ್ದಿರೋದು ಸುಳ್ಳು. ಎರಡು ಪೆಟ್ಗೇನೂ ಬೆರ್ಸಿವ್ನಿ, ಮೊದ್ಲಿಂದ್ಲೂ. ನಿಮ್ಗೆ ಜ್ವರ ಬಂದಾಗ ಆ ಅದಿನೈದಕ್ಕೂ ಗಡ್ಡೆ ಬಂದಿತ್ತು, ಅದ್ರಾಗೆ ಅನ್ನೆರಡು ಮದ್ದಿಲ್ದೆ ಕರಗೋದ್ವು. ನಾನೇ ತಡವಿ ನೋಡಿವ್ನಿ."

ಡಾಕ್ಟರ ಮುಖದಲ್ಲಿ ಮೊದಲು ಸಿಟ್ಟು ಬಂತು, ಬಂದಂತೆಯೇ ಇಳಿದುಹೋಯಿತು. ಏನು ಹೇಳುತ್ತಿದ್ದಾನೆ ಎಂದು ಲಂಡನ್ನಿನವರು ವಿಚಾರಿಸಿದರು. ಡಾಕ್ಟರು ಏನು ಬೇಕಾದರೂ ಹೇಳಬಹುದಿತ್ತು. ಕಡಲೆ ಮುಗಿದಿದೆಯಂತೆ ಎಂದಿದ್ದರೂ ನಡೆಯುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿಕೊಂಡು, ಹೇಳಿದ್ದನ್ನು ಹೇಳಿದಂತೆ ಇಂಗ್ಲಿಷಿನಲ್ಲಿ ಒಪ್ಪಿಸಿದರು.

ಚೀಟಿ ಸುಳ್ಳಾದರೆ ಯಾವುದು ಯಾವುದರ ಮಗು ಎಂದು ಈಗ ಹೇಗೆ ಗೊತ್ತು ಎಂದರು ಲಂಡನ್ನಿನವರು. ಬ್ಯಾಟರಾಯಪ್ಪ ಮೊದಲನೆಯ ಗೂಡಿನಿಂದ ಶುರುಮಾಡಿದ. ಇವಳ ತಾಯಿ ಆ ಮೂಲೆಯವಳು, ತಂದೆ ಎರಡನೇ ಪೆಟ್ಟಿಗೆಯವನು. ಇವನಿಗೆ ಇವಳು ಸೋದರತ್ತೆ ಮಗಳು. ಇದು ಕೂಡಾವಳಿ, ಗಂಡ ಸತ್ತ ಮೇಲೆ ಇನ್ನೊಬ್ಬನಿಗೆ ಮಾಡಿದ್ದು. ಒಂದೂವರೆ ಗಂಟೆ ಹೇಳಿದ. ಡಾಕ್ಟರು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ಲಂಡನ್ನಿನವರು ಬರೆದುಕೊಳ್ಳುತ್ತ ಹೋದರು. ಕೊನೆಗೆ ಅವರು ಬರೆದದ್ದನ್ನೂ ಡಾಕ್ಟರ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬೆರಕೆ ಹೆಚ್ಚಿದಷ್ಟೂ ಗಡ್ಡೆ ಬೇಗ ಕರಗಿತ್ತು. ಮದ್ದು ಎಷ್ಟು ಸಲ ಚುಚ್ಚಿದ್ದಾರೆ ಎಂಬುದಕ್ಕೂ ಅದಕ್ಕೂ ಏನೇನೂ ನಂಟಿರಲಿಲ್ಲ. ಅವರು ಪುಸ್ತಕ ಮುಚ್ಚಿ, ಕಾಫಿ ಬಹಳ ಚೆನ್ನಾಗಿತ್ತು ಎಂದರು.

ಡಾಕ್ಟರು ಜಗುಲಿಗೆ ಬಂದು ಮುನಿಕೆಂಪಮ್ಮನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು.

"ನನ್ನ ಹತ್ರ ಮದ್ದಿಲ್ಲಮ್ಮ. ಇದೆ ಅಂದ್ಕೊಂಡಿದ್ದೆ, ಇಲ್ಲ. ಇವತ್ತೇ ಆಸ್ಪತ್ರೆಗೆ ಹೋಗಿ ಸೇರಿ."

ಅವಳು ಡಾಕ್ಟರನ್ನು ನೋಡಿದಳು, ಅಣ್ಣನನ್ನು ನೋಡಿದಳು. "ಇಲ್ದಿದ್ರೆ ಮೊದ್ಲೇ ಯೋಳ್ಬಾರ್ದಾ?" ಎಂದು ಅಣ್ಣನಿಗೆ ಬೈದು, ಗಂಟೆತ್ತಿಕೊಂಡು ನಿಂತಳು. ಅಣ್ಣತಂಗಿಯರು ಆ ಮಧ್ಯಾಹ್ನದ ಬಸ್ಸಿಗೇ ಪಟ್ಟಣಕ್ಕೆ ಹೋದರು.

ಹೊಸ ಕಟ್ಟಡ ಬರಲಿಲ್ಲ. ಐದು ವರ್ಷದ ಹಣವೂ ಬರಲಿಲ್ಲ. ಮೊದಲಿನಿಂದ ಸರಿಯಾಗಿ ಮಾಡಿ ನೋಡಿ ಎಂದು ಒಂದು ವರ್ಷದ್ದು ಬಂತು, ಅದೂ ಅರ್ಧ. ಬ್ಯಾಟರಾಯಪ್ಪನನ್ನು ಡಾಕ್ಟರು ಕೆಲಸದಿಂದ ಬಿಡಿಸಲಿಲ್ಲ. ಬೈಯಲೂ ಇಲ್ಲ. "ಅಷ್ಟು ಚೆನ್ನಾಗಿ ಕರಗ್ತಿತ್ತಲ್ಲ, ನನಗೇ ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ. ಯಾಕೆ ಅಂತ ಕೇಳೋಕೆ ಹೋಗಲಿಲ್ಲ" ಎಂದಷ್ಟೇ ಹೇಳಿದರು. ಮುಂದಿನ ಸೋಮವಾರದಿಂದ ಎರಡೂ ಗೋಡೆಗಳಲ್ಲಿ ಅಣ್ಣತಂಗಿಯರನ್ನು ಸೇರಿಸುವ ಕೆಲಸ ಬ್ಯಾಟರಾಯಪ್ಪನದೇ ಆಯಿತು. ಅವನು ತುಟಿ ಬಿಚ್ಚದೆ ಮಾಡಿದ. ಮಾಡಿದ ಮೇಲೆ ಹೋಗಿ ಕೆರೆಯಲ್ಲಿ ಮುಳುಗಿ ಬರುತ್ತಿದ್ದ. ಊರಲ್ಲಿ ಸಂಬಂಧ ಕೇಳಿಕೊಂಡು ಬಂದವರನ್ನು ವಾಪಸು ಕಳಿಸತೊಡಗಿದ. ಕೈ ಮೈಲಿಗೆಯಾಗಿದೆ ಎನ್ನುತ್ತಿದ್ದ.

ಮುನಿಕೆಂಪಮ್ಮನಿಗೆ ಕೆನ್ನೆಗೆ ರೇಡಿಯಂ ಸೂಜಿಗಳನ್ನು ಚುಚ್ಚಿಟ್ಟು ತೆಗೆದರು, ಆಮೇಲೆ ದವಡೆಯನ್ನೂ ಒಂದಿಷ್ಟು ಕೊಯ್ದರು. ಆರು ವಾರ ಮುಂಚೆ ಬಂದಿದ್ದರೆ ಕೊಯ್ಯುವುದು ಬೇಕಿರಲಿಲ್ಲ, ಆದರೂ ಉಳಿದುಕೊಳ್ಳುತ್ತಾಳೆ ಎಂದರು. ಬ್ಯಾಟರಾಯಪ್ಪ ಪ್ರತಿ ಭಾನುವಾರ ತೆಳ್ಳಗೆ ರಾಗಿ ಅಂಬಲಿ ಮಾಡಿಸಿಕೊಂಡು ಹೋಗುತ್ತಿದ್ದ. ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ, ಕಣ್ಣಿನಲ್ಲೇ ಬೈಯುತ್ತಿದ್ದಳು. ಅದು ಅವನಿಗೆ ಸಮಾಧಾನವೇ ಆಗಿತ್ತು.

ಪಕ್ಕದ ಮಂಚದಲ್ಲಿ ಯಶವಂತಪುರದ ಮಲ್ಕಾ ಎಂಬ ಹೆಂಗಸಿದ್ದಳು. ಮಂಡಿಯಲ್ಲಿ ಮೂಟೆ ಹೊರುವವನ ಹೆಂಡತಿ, ನಲವತ್ತು ವರ್ಷವಿರಬಹುದು. ಎದೆಯ ಗಂಟು, ಕಂಕುಳಿಗೂ ಇಳಿದಿತ್ತು. ಮೂರನೆಯ ಭಾನುವಾರ ಅವಳೇ ಮಾತಾಡಿಸಿದಳು.

"ನೀವು ಹೆಬ್ಬಾಳದ ಇಲಿ ಆಫೀಸಿನವರಂತೆ, ಹೌದಾ ಭಾಯ್? ನರ್ಸಮ್ಮ ಹೇಳಿದ್ರು. ಆ ಸೂಜಿ ಯಾವಾಗ ಬರುತ್ತೆ?"

ಬ್ಯಾಟರಾಯಪ್ಪ ಅಂಬಲಿಯ ಚೆಂಬನ್ನು ಕೆಳಗಿಟ್ಟ. "ಅದು ಮದ್ದಲ್ಲ ತಾಯಿ. ನಾನು ಇಲಿಗಳ್ನ ತಪ್ಪು ಜೋಡಿ ಮಾಡಿದ್ದೆ, ಅದಕ್ಕೇ ವಾಸಿಯಾದಂಗೆ ಕಾಣ್ತು. ಡಾಕ್ಟರ್ದೇನೂ ತಪ್ಪಿಲ್ಲ."

ಅವಳು ದಿಂಬಿಗೆ ಒರಗಿ ಕೂತಳು.

"ಪೇಪರ್ನಲ್ಲಿ ಬಂದಿದ್ದನ್ನ ನಮ್ಮ ಯಜಮಾನ್ರಿಗೆ ಯಾರೋ ಓದಿ ಹೇಳಿದ್ರು. ಅದಕ್ಕೇ ಕಾದ್ವಿ. ಆಗ ಗಂಟು ಕಡ್ಲೆಕಾಳಷ್ಟಿತ್ತು. ಈಗ ಕೊಯ್ಯೋಕಾಗಲ್ಲಂತೆ. ರಂಜಾನ್ ತಿಂಗಳು ಮುಗಿಯೋದ್ರೊಳಗೆ ಬಂದಿದ್ರೂ ಕೊಯ್ದು ತೆಗೀತಿದ್ವಿ ಅಂತ ಇಲ್ಲಿ ಡಾಕ್ಟ್ರು ಬೈದ್ರು." ಅವಳು ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು. "ಅದು ಮದ್ದಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು ಭಾಯ್?"

ಶಿವರಾತ್ರಿ ಆದ ಮೇಲೆ ಎಂದರೆ ಮುಗಿಯುತ್ತಿತ್ತು. ಎಲ್ಲರಿಗೂ ಗೊತ್ತಾದದ್ದು ಆಗಲೇ. ಆ ಮಾತು ಅವನ ನಾಲಗೆಯ ತುದಿಯವರೆಗೂ ಬಂತು.

"ಸಂಕ್ರಾಂತಿ ದಿನ" ಎಂದ.

ಆ ವರ್ಷ ಸಂಕ್ರಾಂತಿ ರಂಜಾನ್ ತಿಂಗಳಿನಲ್ಲೇ ಬಿದ್ದಿತ್ತು. ಮಲ್ಕಾ ಬೆರಳು ಮಡಿಸಿ ಎಣಿಸಿದಳು.

"ಅವತ್ತು ನಂಗೆ ಹತ್ತನೇ ಉಪವಾಸ" ಎಂದಳು. ಆಮೇಲೆ ಅವಳು ಕಾಲು ಮಡಚಿಕೊಂಡು ಮಂಚದ ತುದಿಯಲ್ಲಿ ಜಾಗ ಮಾಡಿದಳು.

"ಕೂತ್ಕೊಳ್ಳಿ ಭಾಯ್. ಬಂದಾಗಿಂದ ನಿಂತೇ ಇದ್ದೀರಿ."

ಬ್ಯಾಟರಾಯಪ್ಪ ಕೂತ.